ಮಠಗಳ ವಿದ್ಯಾದಾಸೋಹವೂ ಧನಸಂಗ್ರಹದ ಸಂದರ್ಭಗಳೂ

ಅನ್ನವಿಲ್ಲದ ಕಡೆ ಅಕ್ಷರವು ನಿಲ್ಲಲಾರದೆಂಬುದನ್ನು ಕನ್ನಡನಾಡಿನ ಮಠಗಳು ಶಾಸ್ತ್ರಗ್ರಂಥಗಳಿಂದ ಅರಿತುದಕ್ಕಿಂತ ಹೆಚ್ಚಾಗಿ ತಮ್ಮ ತಮ್ಮ ಪಾಕಶಾಲೆಗಳಿಂದಲೇ ಅರಿತುಕೊಂಡವು. ದೂರದ ಹಳ್ಳಿಯಿಂದ ಬಂದ ಬಾಲಕನು ಅಮರಕೋಶವನ್ನೋ ಅಂಕಗಣಿತವನ್ನೋ ಕಲಿಯಲು ಕುಳಿತುಕೊಳ್ಳಬೇಕಾದರೆ ಅವನಿಗೆ ಎರಡು ಹೊತ್ತಿನ ಪ್ರಸಾದವು ಸಲ್ಲಬೇಕು. ಮಲಗಲು ಚಾಪೆ, ಓದಲು ದೀಪ, ಜ್ವರ ಬಂದ ದಿನ ಒಂದಿಷ್ಟು ಗಂಜಿ ದೊರೆಯಬೇಕು. ದೇವಾಲಯವನ್ನು ಕಟ್ಟಿಸುವ ವೆಚ್ಚವು ಕಳಶವೇರಿದ ದಿನ ಮುಗಿಯುವುದು; ವಿದ್ಯಾರ್ಥಿಗಳ ಒಲೆಯ ವೆಚ್ಚವಾದರೋ ದಿನದಿನವೂ ಹೊಸದಾಗಿ ಹುಟ್ಟುವುದು. ಅರಸರ ಕಾಲದಲ್ಲಿ ಈ ವೆಚ್ಚಕ್ಕೆ ಭೂಮಿಯ ಉಂಬಳಿಗಳಿದ್ದುವು, ಅವುಗಳ ನೆನಪು ಕಲ್ಲಿನ ಮೇಲೆ ಉಳಿದಿದೆ. ಆದರೆ ಇಪ್ಪತ್ತನೆಯ ಶತಮಾನದಲ್ಲಿ ನೂರಾರು ಬಾಲಕರು ಏಕಕಾಲದಲ್ಲಿ ಪಾಠಶಾಲೆಗಳ ಬಾಗಿಲಿಗೆ ಬಂದು ನಿಂತಾಗ ಉಂಬಳಿಯ ಹುಟ್ಟುವಳಿಯು ಸಾಲದಾಯಿತು. ಆಗ ಸಹಸ್ರಾರು ಒಕ್ಕಲುಗಳು ಕೊಟ್ಟ ಹಿಡಿ ಧಾನ್ಯವನ್ನು ಯಾವ ಶಾಸನವೂ ಹೇಳುವುದಿಲ್ಲ. ವಿದ್ಯಾಸಂಸ್ಥೆಗಳ ನಿಜವಾದ ಚರಿತ್ರೆಯಲ್ಲಿ ಒಂದು ದೊಡ್ಡ ಭಾಗವು ಹೀಗೆ ಬರೆಯಲ್ಪಡದೆಯೇ ಉಳಿದಿರುವುದು.

ಧನವನ್ನು ಎಷ್ಟು ಕೂಡಿಸಿದರೆಂಬುದು ಆ ಚರಿತ್ರೆಯ ಒಂದು ಮಗ್ಗುಲು ಮಾತ್ರ. ಯಾವ ಸಂದರ್ಭದಲ್ಲಿ, ಯಾವ ಉತ್ಸವದ ಮೂಲಕ, ಯಾರ ಕೈಯಿಂದ ಕೂಡಿಸಿದರೆಂಬುದೇ ಹೆಚ್ಚು ವಿಚಾರಾರ್ಹವಾದುದು. ಏಕೆಂದರೆ ಜಾತ್ರೆ, ನಾಟಕ, ಭಿಕ್ಷೆ, ಸವಾಲು, ಪಾದಪೂಜೆ ಇವುಗಳಲ್ಲಿ ಯಾವುದನ್ನು ಆರಿಸಿಕೊಂಡರೂ ಹಣವು ಬರಬಹುದು. ಆದರೆ ಪ್ರತಿಯೊಂದೂ ಬೇರೆ ಬೇರೆ ಬಗೆಯ ದಾನಿಯನ್ನು ಮುಂದಕ್ಕೆ ಕರೆಯುವುದು, ಬೇರೆ ಬೇರೆ ಬಗೆಯ ದಾನಿಯನ್ನು ಹಿಂದಕ್ಕೆ ಸರಿಸುವುದು. ಶಾಲೆಯು ಕೊನೆಗೆ ಯಾರದೆಂದು ಊರಿನ ಮನಸ್ಸಿನಲ್ಲಿ ನಿಲ್ಲುವುದೋ ಅದು ಬಹುಮಟ್ಟಿಗೆ ಈ ಆಯ್ಕೆಯನ್ನೇ ಅವಲಂಬಿಸಿರುವುದು.

ಈ ವಿಚಾರವನ್ನು ನೋಡಲು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಾಲ್ಕು ಊರುಗಳ ಸೀಮೆಯು ತಕ್ಕ ಕ್ಷೇತ್ರವಾಗಿದೆ. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸನ ಹೆಸರಿನಿಂದ ರಾಮನಗರವು ಬಹುಕಾಲ ಕ್ಲೋಸ್‌ಪೇಟೆಯೆನಿಸಿಕೊಂಡಿದ್ದಿತು; ಕನಕಪುರವನ್ನು ಹಿರಿಯರು ಕಾನಕಾನಹಳ್ಳಿಯೆಂದೇ ಕರೆಯುತ್ತಿದ್ದರು. ಕನಕಪುರದ ದೇಗುಲಮಠ, ಅದೇ ತಾಲ್ಲೋಕಿನ ಮರಳೇಗವಿ ಮಠ ಮೊದಲಾದವು ಈ ಸೀಮೆಯವು. ತುಮಕೂರಿನ ಬಳಿಯ ಶ್ರೀ ಸಿದ್ಧಗಂಗಾ ಕ್ಷೇತ್ರದ ಪೂಜ್ಯ ಶ್ರೀ ಶಿವಕುಮಾರ ಸ್ವಾಮಿಗಳವರು ೧೯೦೭ನೆಯ ಇಸವಿ ಏಪ್ರಿಲ್ ೧ರಂದು ಜನಿಸಿದುದು ಮಾಗಡಿ ತಾಲ್ಲೋಕಿನ ವೀರಾಪುರದಲ್ಲಿ. ಆದಿಚುಂಚನಗಿರಿಯ ಶ್ರೀ ಬಾಲಗಂಗಾಧರನಾಥ ಸ್ವಾಮಿಗಳವರು ೧೯೪೫ರಲ್ಲಿ ಜನಿಸಿದುದು ರಾಮನಗರದ ಸಮೀಪದ ಬಾನಂದೂರಿನಲ್ಲಿ. ಸಾವಿರಾರು ಮಕ್ಕಳಿಗೆ ವಿದ್ಯೆಯನ್ನೂ ಅನ್ನವನ್ನೂ ಒದಗಿಸಿದ ಇಬ್ಬರು ಮಠಾಧೀಶರು ಇಷ್ಟು ಹತ್ತಿರದ ಎರಡು ಹಳ್ಳಿಗಳ ಒಕ್ಕಲುಮನೆಗಳಿಂದ ಬಂದುದು ಈ ಸೀಮೆಗೆ ಒಂದು ಹೆಮ್ಮೆಯೇ ಸರಿ.

ಇಲ್ಲಿನ ಒಕ್ಕಲಿಗನ ಕೈಯಲ್ಲಿ ಕೊಡುವುದಕ್ಕೆ ಏನಿರುತ್ತದೆ, ಯಾವಾಗ ಇರುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಮಳೆಯನ್ನೇ ನಂಬಿದ ಕೆಮ್ಮಣ್ಣಿನ ಹೊಲಗಳಲ್ಲಿ ರಾಗಿಯೇ ಮುಖ್ಯವಾದ ಬೆಳೆ. ಅದು ಕಾರ್ತಿಕ ಮಾರ್ಗಶಿರಗಳಲ್ಲಿ ಕೊಯ್ಲಾಗಿ, ಮೆದೆಯಲ್ಲಿ ಕೆಲವು ಕಾಲ ನಿಂತು, ಪುಷ್ಯ ಮಾಘಗಳಲ್ಲಿ ಕಣದಲ್ಲಿ ರಾಶಿಯಾಗುವುದು. ಆ ಎರಡು ತಿಂಗಳುಗಳಲ್ಲಿ ಬಡವನ ಮನೆಯಲ್ಲಿಯೂ ಕೊಳಗದಿಂದ ಅಳೆಯುವಷ್ಟು ಕಾಳು ಇರುವುದು. ಜ್ಯೇಷ್ಠ ಆಷಾಢಗಳಲ್ಲಿ ಅನುಕೂಲಸ್ಥನ ಹಗೇವು ಕೂಡ ಬರಿದಾಗುತ್ತ ಬಂದಿರುವುದು. ಇದು ಹಳೆಯ ಲೆಕ್ಕ. ಇದರ ಜೊತೆಗೆ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಟಿಪ್ಪುಸುಲ್ತಾನನ ಕಾಲದಿಂದ ಮೈಸೂರು ಸೀಮೆಯಲ್ಲಿ ಬೇರೂರಿದ ರೇಷ್ಮೆಯು ಈ ನಾಲ್ಕು ತಾಲ್ಲೋಕುಗಳಿಗೆ ಇನ್ನೊಂದು ಲೆಕ್ಕವನ್ನು ತಂದುಕೊಟ್ಟಿತು. ಹುಳು ಮೊಟ್ಟೆಯೊಡೆದು ನಾಲ್ಕು ಜ್ವರಗಳನ್ನು ಕಳೆದು ಚಂದ್ರಿಕೆಯೇರಿ ಗೂಡು ಕಟ್ಟಲು ಸುಮಾರು ಒಂದು ತಿಂಗಳು ಸಾಕು. ನೀರಿನ ಅನುಕೂಲವಿದ್ದು ಹಿಪ್ಪುನೇರಳೆ ಸೊಪ್ಪು ಒದಗಿದರೆ ವರ್ಷಕ್ಕೆ ಐದಾರು ಬೆಳೆಗಳನ್ನು ತೆಗೆಯಬಹುದು. ಹೀಗಾಗಿ ರಾಗಿಯ ಒಕ್ಕಲು ವರ್ಷಕ್ಕೊಮ್ಮೆ ಕೊಡಬಲ್ಲವನಾದರೆ ರೇಷ್ಮೆಯ ಒಕ್ಕಲು ಹಲವು ಬಾರಿ ಕೊಡಬಲ್ಲನು. ಆದರೆ ಅವನು ಕಾಳನ್ನಲ್ಲ, ರೊಕ್ಕವನ್ನು ಕೊಡುವವನು. ಅವನ ಬೆಳೆಗೆ ರೋಗ ತಗುಲಿದರೆ ಒಂದೇ ರಾತ್ರಿಯಲ್ಲಿ ಆ ರೊಕ್ಕವೂ ಇಲ್ಲ. ಧನಸಂಗ್ರಹಕ್ಕೆ ಹೊರಟವರು ಈ ಎರಡು ಲೆಕ್ಕಗಳನ್ನು ಅರಿಯದೆ ಬೆಂಗಳೂರಿನ ಪಂಚಾಂಗವನ್ನು ನೋಡಿಕೊಂಡು ದಿನವನ್ನಿಟ್ಟರೆ ಎಷ್ಟು ದೊಡ್ಡ ಉತ್ಸವವಾದರೂ ಬರಿಗೈಯಲ್ಲಿ ಮುಗಿಯುವುದು ಸಹಜವಷ್ಟೆ.

ಎಲ್ಲಕ್ಕಿಂತ ಹಳೆಯದಾದ ವಿಧಾನವು ಜೋಳಿಗೆ. ಜಂಗಮನು ಮನೆಮನೆಯ ಮುಂದೆ ನಿಂತು ಕೈಕೊಳ್ಳುವ ಕಂತಿಭಿಕ್ಷೆಯು ತನ್ನ ಹೊಟ್ಟೆಗೆ ಮಾತ್ರವಲ್ಲದೆ ಮಠದ ಒಲೆಗೂ ಸಲ್ಲುತ್ತಿದ್ದಿತು. ಇದೇ ಸೀಮೆಯಲ್ಲಿ ಮಲೆಯ ಮಾದೇಶ್ವರನ ಹೆಸರಿನಲ್ಲಿ ದೇವರಗುಡ್ಡರು ಕಂಸಾಳೆ ಹಿಡಿದು ಬಂದಾಗ ಮೊರದಲ್ಲಿ ಕಾಳನ್ನು ತಂದು ಸುರಿಯುವುದೂ, ಶಿವರಾತ್ರಿಗೆ ಕನಕಪುರದ ಕಡೆಯಿಂದ ಕಾವೇರಿಯನ್ನು ದಾಟಿ ಕಾಲ್ನಡಿಗೆಯಲ್ಲಿ ಮಾದಪ್ಪನ ಬೆಟ್ಟಕ್ಕೆ ಹೋಗುವ ಪರಸೆಯವರಿಗೆ ದಾರಿಯ ಊರಿನವರು ಅನ್ನವಿಕ್ಕುವುದೂ ಜನರಿಗೆ ರೂಢಿಯಾಗಿರುವ ಧರ್ಮ. ಕೊಡಬೇಕೆಂದು ಇವರಿಗೆ ಯಾರೂ ಹೊಸದಾಗಿ ಬೋಧಿಸಬೇಕಾಗಿಲ್ಲ. ಹಾಗಾದುದರಿಂದ ಇಪ್ಪತ್ತನೆಯ ಶತಮಾನದ ಮಠಾಧೀಶರು ಮಾಡಿದ ಕಾರ್ಯವು ಹೊಸ ಧರ್ಮವನ್ನು ಹುಟ್ಟಿಸುವುದಾಗಿರಲಿಲ್ಲ. ಹಳೆಯ ಜೋಳಿಗೆಯನ್ನು ಪಾಠಶಾಲೆಯ ಕಡೆಗೆ ತಿರುಗಿಸುವುದಾಗಿದ್ದಿತು.

ಸಿದ್ಧಗಂಗೆಯ ಚರಿತ್ರೆಯಲ್ಲಿ ಇದು ಸ್ಪಷ್ಟವಾಗಿ ಕಾಣುವುದು. ಪೂಜ್ಯ ಶ್ರೀ ಉದ್ಧಾನ ಶಿವಯೋಗಿಗಳವರು ೧೯೧೭ರಲ್ಲಿ ಅಲ್ಲಿ ಸಂಸ್ಕೃತ ಪಾಠಶಾಲೆಯನ್ನು ಸ್ಥಾಪಿಸಿದರು. ವೀರಾಪುರದ ಶಿವಣ್ಣನೆಂಬ ತರುಣನು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದವನು ೧೯೩೦ರಲ್ಲಿ ವಿರಕ್ತಾಶ್ರಮವನ್ನು ಸ್ವೀಕರಿಸಿ ಶಿವಕುಮಾರ ಸ್ವಾಮಿಗಳೆನಿಸಿದನು. ೧೯೪೧ರ ಜನವರಿಯಲ್ಲಿ ಹಿರಿಯ ಶ್ರೀಗಳವರು ಲಿಂಗೈಕ್ಯರಾದಾಗ ಮಠದ ಸಮಸ್ತ ಭಾರವೂ ಕಿರಿಯರ ಮೇಲೆ ಬಿದ್ದಿತು. ಅದು ಎರಡನೆಯ ಮಹಾಯುದ್ಧದ ಕಾಲ. ಮಾರುಕಟ್ಟೆಯಲ್ಲಿ ಧಾನ್ಯವು ದುರ್ಲಭವಾಗಿದ್ದಿತು, ಹಣವಿದ್ದರೂ ಕೊಳ್ಳುವುದು ಕಷ್ಟವಾಗಿದ್ದಿತು. ಶ್ರೀಗಳವರು ಹಳ್ಳಿಹಳ್ಳಿಗಳಿಗೆ ಕಾಲ್ನಡಿಗೆಯಲ್ಲಿಯೂ ಗಾಡಿಯಲ್ಲಿಯೂ ಸಂಚರಿಸಿ ಭಿಕ್ಷೆಯಿಂದ ಕಾಳನ್ನು ಸಂಗ್ರಹಿಸಿ ಮಕ್ಕಳ ಒಲೆಯನ್ನು ಆರಗೊಡಿಸಲಿಲ್ಲ. ಧಾನ್ಯವೇ ಬೇಕಾಗಿದ್ದ ಕಾಲದಲ್ಲಿ ಧಾನ್ಯವನ್ನೇ ಬೇಡಿದುದು ಇಲ್ಲಿ ಗಮನಿಸತಕ್ಕ ವಿಷಯ. ಹಣಕ್ಕಾಗಿ ಒಂದು ಉತ್ಸವವನ್ನು ನಡೆಯಿಸಿ, ಬಂದ ಹಣದಿಂದ ಧಾನ್ಯವನ್ನು ಕೊಳ್ಳುವ ಬಳಸುದಾರಿಯನ್ನು ಅವರು ಹಿಡಿಯಲಿಲ್ಲ. ಒಂದು ಸೇರು ರಾಗಿಯನ್ನು ಕೊಟ್ಟ ಮನೆಯ ಹುಡುಗನೇ ಮುಂದಿನ ವರ್ಷ ಪಂಕ್ತಿಯಲ್ಲಿ ಕುಳಿತು ಆ ರಾಗಿಯ ಮುದ್ದೆಯನ್ನು ಉಣ್ಣುವ ಸಂಭವವಿದ್ದಿತು. ೨೦೧೯ರ ಜನವರಿ ೨೧ರಂದು, ತಮ್ಮ ನೂರಹನ್ನೊಂದನೆಯ ವಯಸ್ಸಿನಲ್ಲಿ ಶ್ರೀಗಳವರು ಲಿಂಗೈಕ್ಯರಾದಾಗ ಆ ಪಂಕ್ತಿಯಲ್ಲಿ ಸುಮಾರು ಹತ್ತು ಸಾವಿರ ಮಕ್ಕಳು ಕುಳಿತುಕೊಳ್ಳುತ್ತಿದ್ದರು.

ಜೋಳಿಗೆಯ ಧರ್ಮಕ್ಕೆ ಶರಣರ ಚರಿತ್ರೆಯಲ್ಲಿ ಒಂದು ಕಟ್ಟಳೆಯೂ ಉಂಟು. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆಯ್ದಕ್ಕಿ ಮಾರಯ್ಯನು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ಅವನು ಎಂದಿನದಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅವನ ಸತಿ ಲಕ್ಕಮ್ಮನು ಅದನ್ನು ಒಳಕ್ಕೆ ಸೇರಿಸದೆ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಹಿಂದಕ್ಕೆ ಕಳುಹಿಸಿದಳೆಂದು ಪುರಾತನರು ಹೇಳಿರುವರು. ಬೇಡುವವನಿಗೂ ಒಂದು ಅಳತೆಯುಂಟೆಂಬ ಈ ಮಾತನ್ನು ನಿಧಿಗಳನ್ನು ಕೂಡಿಸುವ ಸಮಿತಿಗಳು ಅಷ್ಟಾಗಿ ಕಿವಿಗೆ ಹಾಕಿಕೊಂಡಂತೆ ಕಾಣುವುದಿಲ್ಲ. ಇಂತಿಷ್ಟು ಕೊಠಡಿಗೆ ಇಂತಿಷ್ಟು ಬೇಕೆಂದು ಮೊದಲೇ ಸಾರಿ, ಅಷ್ಟು ಬಂದ ಬಳಿಕ ಸಾಕೆಂದು ಹೇಳಿದ ಸಮಿತಿಯನ್ನು ಊರು ಎರಡನೆಯ ಬಾರಿಯೂ ನಂಬುವುದು. ಸಾಕೆಂದು ಹೇಳಲು ಅರಿಯದ ಸಮಿತಿಯು ಎರಡನೆಯ ಬಾರಿ ಬಂದಾಗ ಕದಗಳು ತಾವಾಗಿ ಮುಚ್ಚಿಕೊಳ್ಳುವುವು.

ಜೋಳಿಗೆಯಲ್ಲಿ ಬೇಡಬಹುದಾದುದು ಧನಧಾನ್ಯಗಳು ಮಾತ್ರವಲ್ಲವೆಂಬುದನ್ನು ಇಳಕಲ್ಲಿನ ಡಾ. ಮಹಾಂತ ಸ್ವಾಮಿಗಳವರು ತೋರಿಸಿಕೊಟ್ಟರು. ೧೯೭೫ರಲ್ಲಿ ಮೊದಲಾದ ಅವರ ಮಹಾಂತ ಜೋಳಿಗೆಯು ಜನರ ದುಶ್ಚಟಗಳನ್ನು ಭಿಕ್ಷೆಯಾಗಿ ಬೇಡಿತು. ಕುಡಿತವನ್ನು ಬಿಟ್ಟ ಮನೆಯಲ್ಲಿ ಮಗುವಿನ ಪುಸ್ತಕಕ್ಕೆ ತಾನಾಗಿಯೇ ಹಣ ಉಳಿಯುವುದಾದುದರಿಂದ, ಇದನ್ನೂ ಒಂದು ಬಗೆಯ ವಿದ್ಯಾನಿಧಿಯೆಂದೇ ಎಣಿಸಬಹುದಾಗಿದೆ.

ಇನ್ನು ಜಾತ್ರೆಯ ವಿಷಯ. ಸಂಕ್ರಾಂತಿಯಿಂದ ಚೈತ್ರದವರೆಗೆ ಈ ಸೀಮೆಯಲ್ಲಿ ಜಾತ್ರೆಗಳದೇ ಕಾಲ. ಚನ್ನಪಟ್ಟಣದ ದಾರಿಯಲ್ಲಿರುವ ಕೆಂಗಲ್ ಹನುಮಂತರಾಯನ ಸನ್ನಿಧಿಯಲ್ಲಿ ಸಂಕ್ರಾಂತಿಯ ಆಸುಪಾಸಿನಲ್ಲಿ ದನಗಳ ಜಾತ್ರೆಯು ಕೂಡುವುದು. ಶಿವರಾತ್ರಿಯ ಕಾಲಕ್ಕೆ ಸಿದ್ಧಗಂಗೆಯ ಜಾತ್ರೆ. ಚೈತ್ರದಲ್ಲಿ ಮಾಗಡಿಯ ತಿರುಮಲೆಯ ರಂಗನಾಥಸ್ವಾಮಿಯ ತೇರು. ಹಳ್ಳಿಕಾರ್ ತಳಿಯ ಹೋರಿಗಳನ್ನು ಶೃಂಗರಿಸಿ, ಚಪ್ಪರಗಳ ಕೆಳಗೆ ಕಟ್ಟಿ, ಬಾಯಿ ಬಿಡಿಸಿ ಹಲ್ಲು ನೋಡಿ, ಟವಲಿನ ಮರೆಯಲ್ಲಿ ಬೆರಳು ಮುಟ್ಟಿ ಬೆಲೆ ಕುದುರಿಸುವ ವ್ಯಾಪಾರವನ್ನು ಬಲ್ಲವರೇ ಬಲ್ಲರು. ಕಣದ ಕೆಲಸ ಮುಗಿದು, ಮುಂಗಾರಿನ ಉಳುಮೆಗೆ ಇನ್ನೂ ಬಿಡುವಿರುವ ಕಾಲ. ಮನೆಯಲ್ಲಿ ಕಾಳು, ಸೊಂಟದಲ್ಲಿ ರೊಕ್ಕ, ಮನಸ್ಸಿನಲ್ಲಿ ಹರಕೆ ಮೂರೂ ಕೂಡಿರುವ ಕಾಲ. ಧರ್ಮಕಾರ್ಯಕ್ಕಾಗಿ ಜನರನ್ನು ಹೊಸದಾಗಿ ಕೂಡಿಸುವುದಕ್ಕಿಂತ, ಜನರು ತಾವಾಗಿ ಕೂಡಿದ ಕಡೆಗೆ ಧರ್ಮಕಾರ್ಯವನ್ನು ಕೊಂಡೊಯ್ಯುವುದು ಸುಲಭವೆಂಬುದನ್ನು ಹಿರಿಯರು ಇಂಥ ಕಡೆಯೇ ಕಂಡುಕೊಂಡರು.

ಆದರೆ ಜಾತ್ರೆಯು ತಾನೇ ಧನವನ್ನು ತಂದುಕೊಡುವುದೆಂದು ಭಾವಿಸುವುದು ತಪ್ಪು. ನೀರು, ನೆರಳು, ದೀಪ, ದನಗಳ ವೈದ್ಯ, ಕಾವಲು, ಬಂದವರಿಗೆಲ್ಲ ದಾಸೋಹ ಇವುಗಳ ವೆಚ್ಚವು ಸ್ವಲ್ಪವಲ್ಲ; ಮಳಿಗೆಗಳ ಬಾಡಿಗೆಯಿಂದಲೂ ಹುಂಡಿಯಿಂದಲೂ ಬಂದುದು ಎಷ್ಟೋ ಕಡೆ ಅಲ್ಲಿಗಲ್ಲಿಗೆ ಸರಿಯಾಗುವುದು. ಜಾತ್ರೆಯ ಲಾಭವು ಬೇರೆ ಬಗೆಯದು. ಸಿದ್ಧಗಂಗೆಯಲ್ಲಿ ಜಾತ್ರೆಯ ಜೊತೆಗೆ ಕೃಷಿ ಮತ್ತು ಕೈಗಾರಿಕೆಗಳ ವಸ್ತುಪ್ರದರ್ಶನವನ್ನು ನಡೆಯಿಸುವ ಪರಿಪಾಟಿಯು ಬೆಳೆಯಿತು. ಸುತ್ತೂರಿನ ಜಾತ್ರೆಯಲ್ಲಿ ಕೃಷಿಮೇಳ, ದನಗಳ ಪರಿಷೆ, ಸಾಮೂಹಿಕ ವಿವಾಹ, ಭಜನಾಮೇಳ, ಕುಸ್ತಿ ಇವೆಲ್ಲವೂ ನಡೆಯುವುವು. ಹೊಸ ಬೀಜವನ್ನು ಕಂಡು, ಸಾಲವಿಲ್ಲದೆ ಮಗಳ ಮದುವೆಯನ್ನು ಮುಗಿಸಿಕೊಂಡು, ಉಂಡು ಹೋದ ಒಕ್ಕಲಿಗನು ಆ ವರ್ಷದಲ್ಲಿ ಎಂದಾದರೊಂದು ದಿನ ತಾನಾಗಿಯೇ ಕಾಯಿ, ಬೆಲ್ಲ, ತರಕಾರಿ, ಕಾಳುಗಳನ್ನು ಗಾಡಿಯಲ್ಲಿ ಹೇರಿಕೊಂಡು ಮಠಕ್ಕೆ ಬರುವನು. ಆ ಗಾಡಿಯು ಜಾತ್ರೆಯ ಲೆಕ್ಕದ ಪುಸ್ತಕದಲ್ಲಿ ಕಾಣುವುದಿಲ್ಲವಾದರೂ ಅದನ್ನು ತಂದುದು ಜಾತ್ರೆಯೇ.

ನಾಟಕದ ಮೂಲಕ ಧನಸಂಗ್ರಹ ಮಾಡುವ ವಿಚಾರವು ಇದಕ್ಕಿಂತ ಹೆಚ್ಚು ತೊಡಕಿನದಾಗಿದೆ. ಬೆಂಗಳೂರಿನಿಂದ ಮೈಸೂರಿಗೆ ೧೮೮೨ರ ಹೊತ್ತಿಗೆ ರೈಲುದಾರಿಯು ಪೂರ್ಣವಾದಾಗ ಅದು ಕ್ಲೋಸ್‌ಪೇಟೆ, ಚನ್ನಪಟ್ಟಣಗಳ ಮೂಲಕ ಹೋಯಿತು. ಮಾಗಡಿಗೂ ಕನಕಪುರಕ್ಕೂ ರೈಲು ಬರಲಿಲ್ಲ. ಪರದೆ, ಪೆಟ್ಟಿಗೆ, ಸಿಂಹಾಸನಗಳ ಭಾರವನ್ನು ಹೊತ್ತು ತಿರುಗುವ ನಾಟಕದ ಕಂಪನಿಗಳಿಗೆ ರೈಲಿನ ಊರೇ ಅನುಕೂಲವಾದುದು. ೧೮೮೪ರಲ್ಲಿ ಹುಟ್ಟಿ ಗುಬ್ಬಿ ವೀರಣ್ಣನವರ ಕಾಲದಲ್ಲಿ ನಾಡೆಲ್ಲ ಹೆಸರಾದ ಗುಬ್ಬಿಯ ಕಂಪನಿಯಂಥವು ಮೊಕ್ಕಾಂ ಮಾಡಿದ ಊರುಗಳಲ್ಲಿ ಶಾಲೆಯ ಕಟ್ಟಡಕ್ಕೋ ವಿದ್ಯಾರ್ಥಿನಿಲಯಕ್ಕೋ ಒಂದು ರಾತ್ರಿಯ ಹುಟ್ಟುವಳಿಯನ್ನು ಬಿಟ್ಟುಕೊಡುವ ಸಹಾಯಾರ್ಥ ಪ್ರದರ್ಶನಗಳು ಆ ಕಾಲದ ವೃತ್ತಿರಂಗಭೂಮಿಯಲ್ಲಿ ಸಾಮಾನ್ಯವಾಗಿದ್ದುವು. ಕಂಪನಿಯ ಪರದೆಗಳು ಹೇಗೂ ಕಟ್ಟಿರುತ್ತಿದ್ದುವು, ನಟರ ಸಂಬಳವೂ ಹೇಗೂ ನಡೆಯುತ್ತಿದ್ದಿತು. ಆದುದರಿಂದ ಊರಿನವರು ಟಿಕೀಟುಗಳನ್ನು ಮಾರುವಷ್ಟು ಶ್ರಮಪಟ್ಟರೆ ಸಾಕಾಗುತ್ತಿದ್ದಿತು.

ಊರಿನವರೇ ಆಡುವ ನಾಟಕದ ಸಂಗತಿಯು ಬೇರೆ. ಕುರುಕ್ಷೇತ್ರ ನಾಟಕವು ಈ ಸೀಮೆಯ ಹಳ್ಳಿಗಳಿಗೆ ಎಷ್ಟು ಪ್ರಿಯವೆಂಬುದನ್ನು ಹೇಳಬೇಕಾಗಿಲ್ಲ. ಹಾರ್ಮೋನಿಯಂ ಮೇಷ್ಟ್ರನ್ನು ಗೊತ್ತುಮಾಡಿ ತಿಂಗಳುಗಟ್ಟಲೆ ಪದಗಳನ್ನು ಕಲಿತು, ಸೀನರಿಯನ್ನೂ ಉಡುಪನ್ನೂ ಬಾಡಿಗೆಗೆ ತಂದು, ಪಾತ್ರಧಾರಿಗಳು ತಾವೇ ಹಣವನ್ನು ಹಾಕಿ ಆಡುವ ನಾಟಕವದು. ಕೃಷ್ಣನ ಪಾತ್ರಕ್ಕೂ ದುರ್ಯೋಧನನ ಪಾತ್ರಕ್ಕೂ ಹೆಚ್ಚು ಹಣ, ದ್ವಾರಪಾಲಕನಿಗೆ ಕಡಮೆ. ರಾತ್ರಿಯಿಡೀ ಜನರು ನೋಡಿ ಆನಂದಪಡುವರು. ಅದರಲ್ಲಿ ದೋಷವೇನೂ ಇಲ್ಲ. ಆದರೆ ಇಂಥ ನಾಟಕವು ಹಣವನ್ನು ಉಣ್ಣುವುದೇ ಹೊರತು ಉಣಿಸುವುದಿಲ್ಲ. ಇದನ್ನು ಆಡಿ ಶಾಲೆಗೆ ಕೊಠಡಿಯನ್ನು ಕಟ್ಟಿಸುವೆವೆಂದು ಹೊರಟವರು, ಪೆಂಡಾಲು ಸೀನರಿಗಳ ಬಾಡಿಗೆಯನ್ನು ತೀರಿಸಿದ ಮೇಲೆ ಕೈಯಲ್ಲಿ ಉಳಿಯುವುದೆಷ್ಟೆಂಬುದನ್ನು ಮೊದಲೇ ಕಾಗದದ ಮೇಲೆ ಬರೆದು ನೋಡಿಕೊಂಡರೆ ಒಳ್ಳೆಯದು. ಕೊಠಡಿಗೆಂದು ಹತ್ತು ರೂಪಾಯಿ ಕೊಟ್ಟವನ ಹಣದಲ್ಲಿ ಒಂಬತ್ತು ರೂಪಾಯಿ ದುರ್ಯೋಧನನ ಕಿರೀಟಕ್ಕೆ ಹೋಯಿತೆಂದಾದರೆ ಕೊಟ್ಟವನಿಗೆ ವಂಚನೆ ಮಾಡಿದಂತೆಯೇ ಆಗುವುದು.

ಹಾಗಾದರೆ ನಾಟಕವು ವಿದ್ಯಾದಾಸೋಹಕ್ಕೆ ಒದಗಲಾರದೆ? ಗದಗಿನ ವೀರೇಶ್ವರ ಪುಣ್ಯಾಶ್ರಮದ ಚರಿತ್ರೆಯು ಇದಕ್ಕೆ ಉತ್ತರವಾಗಿದೆ. ಹಾನಗಲ್ಲ ಶ್ರೀ ಕುಮಾರಸ್ವಾಮಿಗಳವರು ೧೯೦೯ರಲ್ಲಿ ಬಾದಾಮಿಯ ಸಮೀಪದ ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಮಹನೀಯರು. ಅವರ ಕೃಪೆಯಲ್ಲಿ ಬೆಳೆದ ಹುಟ್ಟುಗುರುಡರಾದ ಪಂಚಾಕ್ಷರ ಗವಾಯಿಗಳವರು (೧೮೯೨–೧೯೪೪) ಅಂಧರಿಗೂ ಅನಾಥರಿಗೂ ಸಂಗೀತವನ್ನು ಕಲಿಸುವ ವ್ರತವನ್ನು ತೊಟ್ಟರು. ಶಿಷ್ಯರ ಅನ್ನಕ್ಕೆ ದಾರಿಯಾಗಲೆಂದು ಅವರು ನಾಟಕದ ಕಂಪನಿಯನ್ನು ಕಟ್ಟಿದರು. ಅವರ ತರುವಾಯ ಪುಟ್ಟರಾಜ ಗವಾಯಿಗಳವರು (೧೯೧೪–೨೦೧೦) ತಾವೂ ಅಂಧರಾಗಿದ್ದು ನಾಟಕಗಳನ್ನು ರಚಿಸಿ, ಸಂಗೀತವನ್ನು ಕೂಡಿಸಿ ಆ ಪರಂಪರೆಯನ್ನು ಮುಂದುವರಿಸಿದರು. ಇಲ್ಲಿ ನಾಟಕವು ಆಶ್ರಮದ ಹೊರಗಿನಿಂದ ಬಾಡಿಗೆಗೆ ತಂದ ವಿನೋದವಾಗಿರಲಿಲ್ಲ. ಶಿಷ್ಯರು ಕಲಿಯುತ್ತಿದ್ದ ವಿದ್ಯೆಯೇ ಸಂಗೀತ. ರಂಗದ ಮೇಲೆ ಹಾಡಿದುದು ಅವರ ಪಾಠವೂ ಆಯಿತು, ಅವರ ಕಾಯಕವೂ ಆಯಿತು. ಟಿಕೀಟನ್ನು ಕೊಂಡ ಪ್ರೇಕ್ಷಕನು ಕರುಣೆಯಿಂದ ಕೊಟ್ಟವನಲ್ಲ, ಒಳ್ಳೆಯ ಗಾಯನಕ್ಕೆ ಬೆಲೆಯನ್ನು ಕೊಟ್ಟವನು. ಕುರುಡನ ತಟ್ಟೆಗೆ ಕಾಸನ್ನು ಎಸೆಯುವ ಲೋಕದಲ್ಲಿ ಅದೇ ಕುರುಡನಿಗೆ ಕಾಸನ್ನು ಗಳಿಸುವ ಗೌರವವನ್ನು ಗವಾಯಿಗಳವರು ತಂದುಕೊಟ್ಟರು.

ಸಿರಿಗೆರೆಯಲ್ಲಿಯೂ ಇದಕ್ಕೆ ಹತ್ತಿರವಾದ ಒಂದು ಮಾದರಿಯುಂಟು. ಪೂಜ್ಯ ಶ್ರೀ ಶಿವಕುಮಾರ ಶಿವಾಚಾರ್ಯ ಸ್ವಾಮಿಗಳವರು (೧೯೧೪–೧೯೯೨) ತಾವೇ ನಾಟಕಗಳನ್ನು ಬರೆದು ಮಠದ ಕಲಾಸಂಘದಿಂದ ಆಡಿಸಿದರು. ಅವರು ೧೯೫೦ರಲ್ಲಿ ಜಗಳೂರಿನಲ್ಲಿ ಪ್ರಾರಂಭಿಸಿದ ತರಳಬಾಳು ಹುಣ್ಣಿಮೆಯು ವರ್ಷಕ್ಕೊಂದು ಊರಿನಲ್ಲಿ ನಡೆಯುವುದರಿಂದ ಉತ್ಸವದ ಭಾರವೂ ಗೌರವವೂ ಒಂದೇ ಊರಿನ ಮೇಲೆ ನಿಲ್ಲದೆ ಊರೂರಿಗೂ ಹಂಚಿಹೋಗುವುವು. ಇದು ಯೋಚಿಸತಕ್ಕ ಸಂಗತಿ. ರಾಮನಗರ ಸೀಮೆಯ ನಾಲ್ಕು ಊರುಗಳಲ್ಲಿ ಪ್ರತಿವರ್ಷವೂ ಒಂದೇ ಪೇಟೆಯ ಅದೇ ನಾಲ್ಕು ಅಂಗಡಿಗಳ ಮುಂದೆ ರಸೀತಿ ಪುಸ್ತಕವನ್ನು ಹಿಡಿದು ನಿಲ್ಲುವವರು ಈ ಏರ್ಪಾಡನ್ನು ಒಮ್ಮೆ ನೋಡಬೇಕು.

ಸವಾಲಿನ ವಿಷಯದಲ್ಲಿ ಒಂದು ಮಾತು. ದೇವರ ಹೂವು, ಹಣ್ಣು, ಬಾವುಟಗಳನ್ನು ಹರಾಜಿಗಿಟ್ಟು ಧನವನ್ನು ಕೂಡಿಸುವ ಪದ್ಧತಿಯು ಅನೇಕ ಕಡೆಗಳಲ್ಲಿ ಉಂಟು. ಚಿತ್ರದುರ್ಗ ಜಿಲ್ಲೆಯ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ರಥೋತ್ಸವದಲ್ಲಿ ಮುಕ್ತಿಬಾವುಟದ ಹರಾಜು ಹೆಸರುವಾಸಿಯಾದುದು. ಮಹಾತ್ಮ ಗಾಂಧಿಯವರು ಕೂಡ ೧೯೨೭ರ ಖಾದಿ ಪ್ರವಾಸದಲ್ಲಿ ತಮಗೆ ಕೊಟ್ಟ ಕಾಣಿಕೆಗಳನ್ನು ಸಭೆಯಲ್ಲಿಯೇ ಹರಾಜು ಹಾಕಿ ನಿಧಿಗೆ ಸೇರಿಸುತ್ತಿದ್ದರು. ಸವಾಲಿನಲ್ಲಿ ಬೇಗ ಹಣ ಬರುವುದು ನಿಜ. ಆದರೆ ಅಲ್ಲಿ ಒಬ್ಬನ ಹೆಸರು ಮಾತ್ರ ಕೂಗಲ್ಪಡುವುದು, ಉಳಿದವರೆಲ್ಲರೂ ಪ್ರೇ​ಕ್ಷಕರಾಗುವರು. ಹತ್ತು ವರ್ಷಕ್ಕೊಮ್ಮೆ, ಒಂದು ಬಾವಿಗೋ ಒಂದು ಛಾವಣಿಗೋ ಸವಾಲು ಸರಿ. ದಿನದಿನದ ಒಲೆಗೆ ಸಲ್ಲದು. ಲಾಟರಿಯ ಮಾತನ್ನು ಇಲ್ಲಿ ಎತ್ತುವ ಅಗತ್ಯವೇ ಇಲ್ಲ. ಕರ್ನಾಟಕ ಸರ್ಕಾರವೇ ೨೦೦೭ರಲ್ಲಿ ಅದನ್ನು ನಿಲ್ಲಿಸಿಬಿಟ್ಟಿತು. ಕಾಯಕವಿಲ್ಲದ ಹಣವನ್ನು ಶರಣಧರ್ಮವು ಎಂದೂ ಒಪ್ಪಿದುದಿಲ್ಲ.

ತುಲಾಭಾರ ಪಾದಪೂಜೆಗಳು ಗುರುವಿನ ಮೇಲಿನ ಭಕ್ತಿಯಿಂದ ನಡೆಯತಕ್ಕವು. ಪುಟ್ಟರಾಜ ಗವಾಯಿಗಳವರಿಗೆ ಊರೂರುಗಳಲ್ಲಿ ನಾಣ್ಯಗಳಿಂದ ನಡೆದ ತುಲಾಭಾರಗಳ ಧನವು ಆಶ್ರಮದ ಮಕ್ಕಳಿಗೇ ಸಂದಿತು. ತಕ್ಕಡಿಯ ಒಂದು ತಟ್ಟೆಯಲ್ಲಿ ಗುರು, ಇನ್ನೊಂದರಲ್ಲಿ ಧನ. ಆ ಧನವು ಮಕ್ಕಳ ಒಲೆಗೆ ಹೋಗುವುದೆಂದು ಜನರಿಗೆ ಗೊತ್ತಿದ್ದುದರಿಂದಲೇ ತಟ್ಟೆಯು ತುಂಬುತ್ತಿದ್ದಿತು.

ಒಬ್ಬನೇ ಧನಿಕನು ಎಲ್ಲವನ್ನೂ ಕೊಡುವುದಾದರೆ ಈ ಚರ್ಚೆಯೇ ಬೇಡವಲ್ಲವೆ ಎನ್ನುವವರಿರಬಹುದು. ಅಂಥ ಮಹಾದಾನಿಗಳಿಗೆ ಕನ್ನಡನಾಡಿನಲ್ಲಿ ಕೊರತೆಯಿಲ್ಲ. ಸಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನು ಮಕ್ಕಳ ವಿದ್ಯೆಗಾಗಿ ಬರೆದಿಟ್ಟರು. ಗುಬ್ಬಿಯ ತೋಟದಪ್ಪನವರು ಬೆಂಗಳೂರಿನ ರೈಲುನಿಲ್ದಾಣದ ಬಳಿ ಕಟ್ಟಿಸಿದ ಧರ್ಮಛತ್ರವೂ, ಅವರ ಧರ್ಮಸಂಸ್ಥೆಯ ವಿದ್ಯಾರ್ಥಿನಿಲಯವೂ ಹಳ್ಳಿಯ ಎಷ್ಟೋ ಹುಡುಗರಿಗೆ ರಾಜಧಾನಿಯಲ್ಲಿ ತವರುಮನೆಯಾದವು. ಆದರೆ ೧೯೧೬ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಎಜುಕೇಷನ್ ಸೊಸೈಟಿಯನ್ನು ಹುಟ್ಟುಹಾಕಿದವರು ಧನಿಕರಲ್ಲ, ಏಳು ಮಂದಿ ಉಪಾಧ್ಯಾಯರು. ದೊಡ್ಡ ದಾನಿಗಳು ಅನಂತರ ಬಂದರು. ಈ ಸೀಮೆಯ ಕನಕಪುರದಲ್ಲಿಯೂ ಗ್ರಾಮೀಣ ವಿದ್ಯಾಸಂಸ್ಥೆಯನ್ನು ಕಟ್ಟಿ ಬೆಳೆಸಿದವರು ಸ್ವಾತಂತ್ರ್ಯ ಹೋರಾಟಗಾರರಾದ ಎಸ್. ಕರಿಯಪ್ಪನವರು. ತಾವು ದುಡಿಯುವವರನ್ನು ಕಂಡ ಮೇಲೆಯೇ ಕೊಡುವವರು ಕೈ ಬಿಚ್ಚುವರು.

ಕಾಲವು ಮಾರ್ಪಟ್ಟಂತೆ ಕೊಡುವ ವಸ್ತುವೂ ಮಾರ್ಪಟ್ಟಿದೆ. ೧೯೬೧ರ ಆದಾಯ ತೆರಿಗೆಯ ಕಾಯಿದೆಯಲ್ಲಿ ದಾನಕ್ಕೆ ರಿಯಾಯಿತಿಯನ್ನು ಕೊಟ್ಟ ೮೦ಜಿ ವಿಧಿಯು ಹಣದ ರೂಪದ ದಾನವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿತು. ಒಂದು ಪಲ್ಲ ರಾಗಿಯನ್ನು ಕೊಟ್ಟವನಿಗೆ ಅದರಿಂದ ಯಾವ ರಿಯಾಯಿತಿಯೂ ಇರಲಿಲ್ಲ. ರಾಗಿಯನ್ನು ಕೊಡುವವನು ತೆರಿಗೆಯನ್ನು ಕಟ್ಟುವಷ್ಟು ಅನುಕೂಲಸ್ಥನೂ ಅಲ್ಲವಾದುದರಿಂದ ಅವನಿಗೆ ಇದರಿಂದ ನಷ್ಟವೇನೂ ಆಗಲಿಲ್ಲವೆನ್ನಿ. ಆದರೆ ಸಂಸ್ಥೆಗಳ ಗಮನವು ಕ್ರಮೇಣ ರಸೀತಿಯನ್ನು ಕೇಳುವ ದಾನಿಯ ಕಡೆಗೆ ಹರಿಯಿತು. ವಾರ್ಷಿಕ ವರದಿಯಲ್ಲಿ ಅವನ ಭಾವಚಿತ್ರವು ಬಂದಿತು, ಕಣದ ದಾನಿಯ ಹೆಸರು ಬಿಟ್ಟುಹೋಯಿತು. ಬಂದ ಕಾಳನ್ನೂ ಅಳತೆಮಾಡಿ, ಊರು ಊರಿನ ಹೆಸರಿನಲ್ಲಿ ಇಷ್ಟು ಸೇರು, ಇಷ್ಟು ಕೊಳಗ ಎಂದು ಬರೆದು, ಜಾತ್ರೆಯ ದಿನ ಎಲ್ಲರೆದುರು ಓದಿ ಹೇಳುವ ಏರ್ಪಾಡನ್ನು ಯಾವುದೇ ಮಠವು ಕೈಕೊಳ್ಳಬಹುದು. ಅದಕ್ಕೆ ಒಂದು ಪುಸ್ತಕ, ಒಬ್ಬ ಲೆಕ್ಕಿಗ, ಒಂದು ಗಟ್ಟಿ ಕಂಠ ಇಷ್ಟಿದ್ದರೆ ಸಾಕು.

ರಾಮನಗರದ ಗೂಡಿನ ಮಾರುಕಟ್ಟೆಯ ಉದಾಹರಣೆಯೂ ಇಲ್ಲಿ ವಿಚಾರಾರ್ಹವಾಗಿದೆ. ಏಷ್ಯದಲ್ಲಿಯೇ ಬಹು ದೊಡ್ಡದೆಂದು ಹೆಸರಾದ ಆ ಮಾರುಕಟ್ಟೆಗೆ ನಾಲ್ಕು ತಾಲ್ಲೋಕುಗಳಿಂದಲೂ ಅದರಾಚೆಯಿಂದಲೂ ಗೂಡು ಬರುವುದು. ಒಂದು ಕಾಲದಲ್ಲಿ ಹರಾಜು ಮುಗಿದ ಬಳಿಕ ರೊಕ್ಕವನ್ನು ಎಣಿಸಿಕೊಂಡು ಹೊರಕ್ಕೆ ಬರುತ್ತಿದ್ದ ರೈತನು ಬಾಗಿಲಲ್ಲಿ ಧರ್ಮಕಾರ್ಯಕ್ಕೆಂದು ಕೇಳಿದವರಿಗೆ ಹತ್ತೋ ಇಪ್ಪತ್ತೋ ಕೊಟ್ಟು ಹೋಗುವುದು ಸುಲಭವಾಗಿದ್ದಿತು. ಇತ್ತೀಚಿನ ವರ್ಷಗಳಲ್ಲಿ ಹರಾಜು ಯಂತ್ರದ ಮೂಲಕ ನಡೆದು ಬೆಲೆಯು ನೇರವಾಗಿ ಬ್ಯಾಂಕಿನ ಖಾತೆಗೆ ಸೇರುವ ಏರ್ಪಾಡಾಗಿರುವುದರಿಂದ ಅವನು ಬರಿಗೈಯಲ್ಲಿ ಹೊರಕ್ಕೆ ಬರುವನು. ತೂಕದಲ್ಲಿಯೂ ಬೆಲೆಯಲ್ಲಿಯೂ ಮೋಸವು ಕಡಮೆಯಾಗುವುದಕ್ಕೆ ಇದು ಒಳ್ಳೆಯದೇ ಆಯಿತು. ಆದರೆ ಮಾರುಕಟ್ಟೆಯ ಬಾಗಿಲಲ್ಲಿ ನಿಂತು ಬೇಡುವವರಿಗೆ ಇನ್ನು ಅಲ್ಲಿ ಕೆಲಸವಿಲ್ಲ. ವಿದ್ಯಾರ್ಥಿನಿಲಯಕ್ಕೆ ರೇಷ್ಮೆಯ ಒಕ್ಕಲಿನಿಂದ ನೆರವನ್ನು ಬಯಸುವವರು ಹುಳು ಹಣ್ಣಾಗಿ ಚಂದ್ರಿಕೆಯೇರುವ ದಿನಗಳನ್ನು ವಿಚಾರಿಸಿಕೊಂಡು ಅವನ ಮನೆಗೇ ಹೋಗಬೇಕಾಗಿದೆ. ಹೋದಾಗ ಹುಳುವಿನ ಮನೆಯೊಳಕ್ಕೆ ಕಾಲಿಡದೆ ಜಗುಲಿಯಲ್ಲಿಯೇ ಕುಳಿತು, ಬೆಳೆ ಹೇಗಾಯಿತೆಂದು ಮೊದಲು ಕೇಳಬೇಕಾಗಿದೆ.